ಬಾಲ್ ಬದಲಾಯಿಸಿದ ಮೇಲೂ ಕುಂಟು ಹೋಗದಿದ್ದರೆ: ಸೊಂಟದ ಸ್ನಾಯು ದೌರ್ಬಲ್ಯ ಪತ್ತೆ ಮಾಡಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹಾಳಾದ ಸೊಂಟದ ಕೀಲಿಗೆ ಹೊಸ ಬಾಲ್ ಕೂರಿಸುವ ಆಪರೇಷನ್ (ಹಿಪ್ ರಿಪ್ಲೇಸ್‌ಮೆಂಟ್) ಬೆಂಗಳೂರಿನಲ್ಲೋ ಕೋಲಾರದಲ್ಲೋ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಡಿಗೆ ಸರಿಹೋಗಬೇಕಾದದ್ದು ಮಾತ್ರ ಊರಿನಲ್ಲಿ, ಅದಕ್ಕೆ ಹಿಡಿಯುವುದು ಆರು ತಿಂಗಳಿಂದ ಒಂದು ವರ್ಷ. ಹೊಲಿಗೆ ಬಿಚ್ಚಿಸಿ, ಆರು ವಾರಕ್ಕೊಂದು ಎಕ್ಸ್‌ರೇ ತೆಗೆಸಿ, ‘ಬಾಲ್ ಚೆನ್ನಾಗಿ ಕೂತಿದೆ’ ಅನ್ನಿಸಿಕೊಂಡು ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ವಾಪಸು ಬಂದವರು ನಾಲ್ಕು ತಿಂಗಳಾದರೂ ಒಂದು ಪಕ್ಕಕ್ಕೆ ಓಲಾಡುತ್ತಲೇ ನಡೆಯುವುದುಂಟು. ನೋವು ಹೋಗಿದೆ, ಕುಂಟು ಹೋಗಿಲ್ಲ. ಮನೆಯವರು ‘ಅಭ್ಯಾಸಬಲ, ಬಿಡಿ’ ಅನ್ನುತ್ತಾರೆ. ಪಕ್ಕದ ಮನೆಯವರು ‘ಕಾಲು ಗಿಡ್ಡ ಮಾಡಿಬಿಟ್ಟಿದ್ದಾರೆ’ ಅನ್ನುತ್ತಾರೆ. ಹೆಚ್ಚಿನ ಸಲ ಎರಡೂ ತಪ್ಪು. ಓಲಾಡಿಸುತ್ತಿರುವುದು ಬಾಲ್ ಅಲ್ಲ, ಅದರ ಪಕ್ಕದ ಸ್ನಾಯು.

‘ವ್ಯಾಯಾಮ ಮಾಡಿ, ಸರಿಹೋಗುತ್ತೆ’ ಎಂಬ ಮಾತು ಅರ್ಧ ಮಾತ್ರ ನಿಜ. ಈ ಸ್ನಾಯು ಸೋಲುವುದಕ್ಕೆ ಐದಾರು ಬೇರೆ ಬೇರೆ ಕಾರಣಗಳಿವೆ. ವ್ಯಾಯಾಮದಿಂದ ಪೂರ್ತಿ ಗುಣವಾಗುವುದು ಅವುಗಳಲ್ಲಿ ಒಂದೆರಡು. ಇನ್ನೊಂದರಲ್ಲಿ ಅವಸರದ ವ್ಯಾಯಾಮವೇ ಹೊಲಿಗೆ ಕಿತ್ತುಹಾಕಬಹುದು. ಆದ್ದರಿಂದ ಯಾವ ಕಾರಣ ಎಂದು ಗೊತ್ತು ಮಾಡಿಕೊಳ್ಳುವ ಕೆಲಸ ಮೊದಲು, ಕಾಲು ಎತ್ತುವ ಕೆಲಸ ಆಮೇಲೆ.

ಯಾವ ಸ್ನಾಯು, ಅದರ ಮೇಲೆ ಎಷ್ಟು ಹೊರೆ

ಪ್ಯಾಂಟಿನ ಪಕ್ಕದ ಜೇಬಿನ ಜಾಗದಲ್ಲಿ ಕೈಯಿಟ್ಟು ಅದುಮಿದರೆ ಗಟ್ಟಿಯಾದ ಒಂದು ಗುಬುಟು ಸಿಗುತ್ತದೆ. ಅದು ತೊಡೆಮೂಳೆಯ ಟ್ರೋಕ್ಯಾಂಟರ್. ಅದಕ್ಕೂ ಮೇಲಿನ ಸೊಂಟದ ಮೂಳೆಯ ಅಂಚಿಗೂ ನಡುವೆ ಬೀಸಣಿಗೆಯಂತೆ ಹರಡಿಕೊಂಡಿರುವುದು ಗ್ಲೂಟಿಯಸ್ ಮೀಡಿಯಸ್, ಅದರ ಅಡಿಯಲ್ಲಿ ಗ್ಲೂಟಿಯಸ್ ಮಿನಿಮಸ್. ಕಾಲನ್ನು ಪಕ್ಕಕ್ಕೆ ಎತ್ತುವುದು ಇವುಗಳ ಕೆಲಸ ಎಂದು ಪುಸ್ತಕ ಹೇಳುತ್ತದೆ. ದಿನವಿಡೀ ಇವು ನಿಜವಾಗಿ ಮಾಡುವ ಕೆಲಸ ಬೇರೆ: ಒಂದು ಕಾಲು ಎತ್ತಿ ಮುಂದಿಡುವಷ್ಟು ಹೊತ್ತು, ಊರಿದ ಕಾಲಿನ ಕಡೆಯ ಸ್ನಾಯು ಇಡೀ ಸೊಂಟ ಆಚೆ ಬದಿಗೆ ಕುಸಿಯದ ಹಾಗೆ ಹಿಡಿದು ನಿಲ್ಲಿಸುತ್ತದೆ.

ಲೆಕ್ಕ ಹಾಕಿ ನೋಡಿ. 60 ಕೆ.ಜಿ. ತೂಕದವರು ಒಂಟಿ ಕಾಲಲ್ಲಿ ನಿಂತಾಗ, ಊರಿದ ಕಾಲಿನ ತೂಕ ಬಿಟ್ಟರೆ ಕೀಲಿನ ಮೇಲೆ ಸುಮಾರು 50 ಕೆ.ಜಿ. ಉಳಿಯುತ್ತದೆ. ಆ ಭಾರ ಕೀಲಿನ ನಡುವಿನಿಂದ ಸುಮಾರು 10 ಸೆಂ.ಮೀ. ಒಳಗೆ ಜಗ್ಗುತ್ತದೆ. ಸ್ನಾಯು ಎಳೆಯುವುದು ಹೊರಬದಿಯಿಂದ, ಅದಕ್ಕಿರುವ ಸನ್ನೆ (ಕೀಲಿನ ನಡುವಿನಿಂದ ಅದಕ್ಕಿರುವ ದೂರ) ಬರೀ 5 ಸೆಂ.ಮೀ. ಅಂದರೆ ತಕ್ಕಡಿ ಸಮ ಮಾಡಲು ಸ್ನಾಯು 100 ಕೆ.ಜಿ. ಬಲ ಹಾಕಬೇಕು. ಎರಡೂ ಸೇರಿ ಬಾಲ್ ಮೇಲೆ 150 ಕೆ.ಜಿ. ಬೀಳುತ್ತದೆ, ದೇಹತೂಕದ ಎರಡೂವರೆ ಪಟ್ಟು. ಹಾಲಿನ ಡೈರಿಗೆ ಹೋಗಿಬರುವಾಗ ಪ್ರತಿ ಹೆಜ್ಜೆಗೂ ಇದು ನಡೆಯುತ್ತದೆ. ನೋವಿನ ಕೀಲನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಕುಂಟಿದವರ ಸ್ನಾಯು ಆಪರೇಷನ್ನಿಗೆ ಮೊದಲೇ ಸೊರಗಿರುತ್ತದೆ. ಹೊಸ ಬಾಲ್ ಹಾಕಿದ ಮಾತ್ರಕ್ಕೆ ಅದಕ್ಕೆ ಈ ಬಲ ಬಂದುಬಿಡುವುದಿಲ್ಲ.

ಮೊದಲ ಹೆಜ್ಜೆ: ಡಿಸ್ಚಾರ್ಜ್ ಸಮ್ಮರಿ ತೆಗೆದು ಓದಿ

ಬೀರುವಿನಲ್ಲಿ ಎಕ್ಸ್‌ರೇ ಕವರಿನೊಳಗೆ ಮಡಚಿಟ್ಟ ಆ ನಾಲ್ಕು ಹಾಳೆಯಲ್ಲಿ ಅರ್ಧ ಉತ್ತರ ಇರುತ್ತದೆ. ‘ಅಪ್ರೋಚ್’ ಎಂಬ ಪದ ಹುಡುಕಿ. ಕೀಲು ತಲುಪಲು ಸರ್ಜನ್ ಯಾವ ದಾರಿಯಿಂದ ಹೋದರು ಎಂಬುದು ಅಲ್ಲಿ ಬರೆದಿರುತ್ತದೆ.

ಪೋಸ್ಟೀರಿಯರ್ ಎಂದಿದ್ದರೆ ಹಿಂದಿನಿಂದ ಹೋಗಿದ್ದಾರೆ. ಕಾಲನ್ನು ಹೊರಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ, ಗ್ಲೂಟಿಯಸ್ ಮೀಡಿಯಸ್ ಬಹುಮಟ್ಟಿಗೆ ಹಾಗೇ ಉಳಿದಿರುತ್ತದೆ. ಇಲ್ಲಿ ಹೆಚ್ಚು ಹುಷಾರು ಬೇಕಾದದ್ದು ಬಾಲ್ ಜಾರದಂತೆ. ಡೈರೆಕ್ಟ್ ಲ್ಯಾಟರಲ್ ಅಥವಾ ಹಾರ್ಡಿಂಜ್ ಎಂದಿದ್ದರೆ ಪಕ್ಕದಿಂದ, ಗ್ಲೂಟಿಯಸ್ ಮೀಡಿಯಸ್ಸಿನ ಮುಂಭಾಗವನ್ನೇ ಮೂಳೆಯಿಂದ ಬಿಡಿಸಿ ಒಳಹೋಗಿ, ಆಮೇಲೆ ಹೊಲಿದಿದ್ದಾರೆ. ಕುಂಟು ಉಳಿಯುವ ಸಂಭವ ಈ ದಾರಿಯಲ್ಲೇ ಜಾಸ್ತಿ. ಆ ಹೊಲಿಗೆ ಕೂಡಿಕೊಳ್ಳುವ ತನಕ, ಸಾಮಾನ್ಯವಾಗಿ ಆರು ವಾರ, ಕಾಲನ್ನು ತಾನಾಗಿ ಪಕ್ಕಕ್ಕೆ ಎತ್ತಬಾರದು ಎಂದು ಎಷ್ಟೋ ಸರ್ಜನ್‌ಗಳು ಹೇಳುತ್ತಾರೆ. ಡೈರೆಕ್ಟ್ ಆಂಟೀರಿಯರ್ ಎಂದಿದ್ದರೆ ಮುಂದಿನಿಂದ, ಎರಡು ಸ್ನಾಯುಗಳ ಸಂದಿನಲ್ಲಿ ಹೋಗಿದ್ದಾರೆ. ಇದರಲ್ಲಿ ತೊಡೆಯ ಹೊರಬದಿ ಚರ್ಮ ಜೋಮು ಹಿಡಿಯುವುದು ಕೇಳಿಬರುವ ದೂರು. ಅದು ಚರ್ಮದ ನರ, ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಆ ಹಾಳೆಯಲ್ಲಿ ಇನ್ನೆರಡು ವಿಷಯ ನೋಡಿ: ಪೂರ್ತಿ ಭಾರ ಹಾಕಲು ಯಾವಾಗಿನಿಂದ ಅನುಮತಿ ಇದೆ, ಮತ್ತು ಆಪರೇಷನ್ ಮಾಡುವಾಗ ಟ್ರೋಕ್ಯಾಂಟರ್ ಬಿರುಕು ಬಿಟ್ಟು ತಂತಿ ಕಟ್ಟಿದ್ದಾರೆಯೇ. ತಂತಿ ಎಂದು ಕಂಡರೆ ಕೆಳಗಿನ ಯಾವ ಪರೀಕ್ಷೆಯನ್ನೂ ಸರ್ಜನ್‌ರನ್ನು ಕೇಳದೆ ಮಾಡಬೇಡಿ. ಅಪ್ರೋಚ್ ಬರೆದೇ ಇಲ್ಲವಾದರೆ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಐ.ಪಿ. ನಂಬರ್ ಕೊಟ್ಟು ಆಪರೇಷನ್ ನೋಟ್ಸ್ ಪ್ರತಿ ಕೇಳಿ. ಗಾಯದ ಗುರುತು ನೋಡಿ ಊಹಿಸಲು ಹೋಗಬೇಡಿ. ಹಿಂದಿನದೂ ಪಕ್ಕದದೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಇವು ಕಂಡರೆ ಓದುವುದು ಬಿಟ್ಟು ಆಸ್ಪತ್ರೆಗೆ ಹೊರಡಿ

ಒಮ್ಮೆಲೇ ಕಟಕ್ ಎಂದು ವಿಪರೀತ ನೋವು ಬಂದು, ಕಾಲು ಗಿಡ್ಡವಾಗಿ ಒಳಕ್ಕೆ ಅಥವಾ ಹೊರಕ್ಕೆ ತಿರುಗಿಕೊಂಡರೆ ಬಾಲ್ ಜಾರಿದೆ ಎಂದು ತಿಳಿಯಿರಿ. ಕಾಲು ಎಳೆಯಬೇಡಿ, ತಿರುಗಿಸಬೇಡಿ, 108ಕ್ಕೆ ಕರೆ ಮಾಡಿ. ಮೀನಖಂಡ ಊದಿ ಬಿಸಿಯಾಗಿ ನೋಯುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಂಟೆಯೂ ಕಾಯಬಾರದು. ಗಾಯದಿಂದ ಕೀವು ಅಥವಾ ನೀರು ಜಿನುಗುವುದು, ಚಳಿ ಜ್ವರ, ಪಾದ ಮೇಲೆತ್ತಲಾಗದೆ ಚಪ್ಪಲಿ ಕಳಚಿ ಬೀಳುವುದು ಕೂಡ ಅದೇ ದಿನ ತೋರಿಸಬೇಕಾದವು. ಇಂಥ ಹೊತ್ತಿನಲ್ಲಿ ಪುತ್ತೂರು ಕಟ್ಟು, ಎಣ್ಣೆ ತಿಕ್ಕಿ ಎಳೆಸುವುದು ಎರಡಕ್ಕೂ ಜಾಗವಿಲ್ಲ. ಒಳಗಿರುವುದು ಲೋಹ. ಎಳೆದರೆ ಜಾರುತ್ತದೆ, ಕೂಡಿಕೊಳ್ಳುವುದಿಲ್ಲ.

ಎರಡನೇ ಹೆಜ್ಜೆ: ಬಿಂದಿ ಅಂಟಿಸಿ ವಿಡಿಯೊ ತೆಗೆಯಿರಿ

ಪೂರ್ತಿ ಭಾರ ಹಾಕಲು ಅನುಮತಿ ಸಿಕ್ಕಿದ ಮೇಲೆ, ಆರು ವಾರ ಕಳೆದ ಮೇಲೆ ಮಾತ್ರ ಇದು. ಬೆನ್ನಿನ ಕೆಳಭಾಗದಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಸಣ್ಣ ಗುಳಿ ಕಾಣುತ್ತದೆ. ಎರಡೂ ಗುಳಿಗೆ ಒಂದೊಂದು ದೊಡ್ಡ ಬಿಂದಿ ಅಂಟಿಸಿ. ಅಂಗಿ ಮೇಲೆ ಕಟ್ಟಿ, ಮೊಬೈಲನ್ನು ಸೊಂಟದ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು ಹಿಂದಿನಿಂದ ತೆಗೆಯಿರಿ. ಕೈಯಲ್ಲಿ ಹಿಡಿದರೆ ಮೊಬೈಲೇ ವಾಲುತ್ತದೆ, ಆಮೇಲೆ ಏನು ನೋಡಿದರೂ ತಪ್ಪಾಗಿಯೇ ಕಾಣುತ್ತದೆ.

ಗೋಡೆಯ ಪಕ್ಕ ನಿಲ್ಲಿ. ಸಮತೋಲನಕ್ಕೆ ಒಂದೇ ಬೆರಳು ಗೋಡೆಗೆ ತಾಗಿರಲಿ. ಮೊದಲು ಆಪರೇಷನ್ ಆಗದ ಕಾಲ ಮೇಲೆ ನಿಂತು ಇನ್ನೊಂದನ್ನು ಎತ್ತಿ 30 ಸೆಕೆಂಡ್. ಆಮೇಲೆ ಆಪರೇಷನ್ ಆದ ಕಾಲ ಮೇಲೆ ನಿಂತು 30 ಸೆಕೆಂಡ್. ಎತ್ತುವ ಕಾಲಿನ ಮಂಡಿಯನ್ನು ಎದೆಯ ಕಡೆ ತರಬೇಡಿ, ಹಿಮ್ಮಡಿ ಹಿಂದಕ್ಕೆ ಮಡಚಿಕೊಳ್ಳಿ ಸಾಕು. ಮಂಡಿ ಮೇಲೆ ಬಂದರೆ ಬೇರೆ ಸ್ನಾಯು ಸೊಂಟವನ್ನು ಮೇಲಕ್ಕೆ ಎಳೆದು ದೋಷ ಮುಚ್ಚಿಹಾಕುತ್ತದೆ.

ವಿಡಿಯೊ ನಿಲ್ಲಿಸಿ ಬಿಂದಿಗಳನ್ನು ನೋಡಿ. ಎತ್ತಿದ ಕಾಲಿನ ಕಡೆಯ ಬಿಂದಿ ಮಟ್ಟದಲ್ಲಿ ಅಥವಾ ಕೊಂಚ ಮೇಲಿದ್ದರೆ ಸ್ನಾಯು ಕೆಲಸ ಮಾಡುತ್ತಿದೆ. ಕೆಳಗಿಳಿದರೆ, ಅಥವಾ 10-15 ಸೆಕೆಂಡ್ ಆದಮೇಲೆ ನಿಧಾನಕ್ಕೆ ಇಳಿಯತೊಡಗಿದರೆ, *ಊರಿದ* ಕಾಲಿನ ಸ್ನಾಯು ಸೋತಿದೆ. ಹೆಚ್ಚಿನವರು ಎಡವುವುದು ಇಲ್ಲೇ: ಕುಸಿಯುವುದು ಎಡಗಡೆ, ದುರ್ಬಲವಾಗಿರುವುದು ಬಲಗಡೆ. ಜರ್ಮನಿಯ ಸರ್ಜನ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಆತನದೇ ಹೆಸರಿದೆ. ಇನ್ನೂ ಒಂದು ಮೋಸ ಉಂಟು. ಸೊಂಟ ಮಟ್ಟದಲ್ಲಿದ್ದು ಎದೆ, ಭುಜ ಊರಿದ ಕಾಲಿನ ಮೇಲಕ್ಕೆ ವಾಲಿದರೆ ಅದೂ ದೌರ್ಬಲ್ಯವೇ. ದೇಹದ ಭಾರವನ್ನು ಕೀಲಿನ ಹತ್ತಿರ ತಂದು ಸ್ನಾಯುವಿನ ಹೊರೆ ತಪ್ಪಿಸುವ ಉಪಾಯ ಅದು. ನಡೆಯುವಾಗ ಕಾಣುವ ಓಲಾಟವೂ ಇದೇ.

ನೋವಿನಿಂದ ನಿಲ್ಲಲಾಗದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಅಲ್ಲಿಗೇ ಬಿಡಿ.

ಮೂರನೇ ಹೆಜ್ಜೆ: ಮಲಗಿ ಬಲ ಅಳೆಯುವುದು

ಹಾರ್ಡಿಂಜ್ ಆದವರು ಸರ್ಜನ್ ಒಪ್ಪಿಗೆಯ ನಂತರವೇ ಇದನ್ನು ಮಾಡಿ. ಆಪರೇಷನ್ ಆದ ಕಾಲು ಮೇಲೆ ಬರುವಂತೆ ಮಗ್ಗುಲಾಗಿ, ಬೆನ್ನು ಗೋಡೆಗೆ ತಾಗಿಸಿ ಮಲಗಿ. ತೊಡೆಗಳ ನಡುವೆ ದಪ್ಪ ದಿಂಬು ಇರಲಿ. ಕೆಳಗಿನ ಮಂಡಿ ಮಡಚಿ, ಮೇಲಿನ ಕಾಲು ನೇರ ಮಾಡಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ. ಈಗ ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಇರುವಂತೆ ಕಾಲನ್ನು ಮೇಲಕ್ಕೆ ಎತ್ತಿ. ಕಾಲಿನ ಹೆಬ್ಬೆರಳು ಮುಂದಕ್ಕೆ ನೋಡಬೇಕು, ಸೂರಿನ ಕಡೆಗಲ್ಲ.

ಗೋಡೆ ಇಲ್ಲಿ ಮೇಷ್ಟ್ರ ಕೆಲಸ ಮಾಡುತ್ತದೆ. ಗ್ಲೂಟಿಯಸ್ ಮೀಡಿಯಸ್ ಸೋತಾಗ ಕಾಲು ತಾನಾಗಿ ಗೋಡೆ ಬಿಟ್ಟು ಮುಂದಕ್ಕೆ ಬರುತ್ತದೆ, ಏಕೆಂದರೆ ಜೇಬಿನ ಮುಂಭಾಗದಲ್ಲಿರುವ ಇನ್ನೊಂದು ಸ್ನಾಯು, ಟೆನ್ಸರ್ ಫೇಶಿಯಾ ಲೇಟಾ, ಕೆಲಸ ಕದಿಯುತ್ತದೆ. ಮನೆಯವರೊಬ್ಬರು ಗುಬುಟು ಮೂಳೆಯಿಂದ ನಾಲ್ಕು ಬೆರಳು ಮೇಲೆ, ಸ್ವಲ್ಪ ಹಿಂದಕ್ಕೆ ಕೈಯಿಟ್ಟು ಮುಟ್ಟಿ ನೋಡಲಿ: ಎತ್ತುವಾಗ ಅಲ್ಲಿ ಗಟ್ಟಿಯಾಗಬೇಕು. ಮುಂದೆ ಮಾತ್ರ ಗಟ್ಟಿಯಾಗಿ ಹಿಂದೆ ಮೆತ್ತಗಿದ್ದರೆ ಸರಿಯಾದ ಸ್ನಾಯು ಎದ್ದಿಲ್ಲ.

ಫಿಸಿಯೋಥೆರಪಿಸ್ಟ್‌ಗಳು ಬಲವನ್ನು 0ಯಿಂದ 5ರ ವರೆಗೆ ಬರೆಯುತ್ತಾರೆ. ಮುಟ್ಟಿದರೆ ಮಿಡಿತವೂ ಇಲ್ಲ, 0. ಮಿಡಿತ ಇದೆ, ಕಾಲು ಅಲುಗುವುದಿಲ್ಲ, 1. ಅಂಗಾತ ಮಲಗಿ ಹಾಸಿಗೆಯ ಮೇಲೆ ಪಕ್ಕಕ್ಕೆ ಜಾರಿಸಬಲ್ಲರು, 2. ಮಗ್ಗುಲಾಗಿ ಎತ್ತಬಲ್ಲರು, ಮೇಲಿನಿಂದ ಬೆರಳಿಟ್ಟರೂ ಬೀಳುತ್ತದೆ, 3. ಸಾಧಾರಣ ಒತ್ತು ತಡೆಯುತ್ತದೆ, 4. ಒಳ್ಳೆಯ ಕಾಲಿನಷ್ಟೇ ತಡೆಯುತ್ತದೆ, 5. ಒಳ್ಳೆಯ ಕಾಲನ್ನೂ ಪರೀಕ್ಷಿಸಿ ಬರೆದುಕೊಳ್ಳಿ, ಇಲ್ಲದಿದ್ದರೆ 4 ಮತ್ತು 5ರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದರ ಜೊತೆಗೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ, ಬಂದು ಕೂರುವುದಕ್ಕೆ ಎಷ್ಟು ಸೆಕೆಂಡ್ ಬೇಕು ಎಂದು ಹದಿನೈದು ದಿನಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಇದೆ ಎಂದರ್ಥ, ಕೋಲು ಬಿಡುವ ಮಾತು ಬೇಡ.

ನಾಲ್ಕನೇ ಹೆಜ್ಜೆ: ಕಾರಣ ಬೇರ್ಪಡಿಸುವುದು

*ಸೊರಗಿದ ಸ್ನಾಯು.* ನೋವಿಲ್ಲ ಅಥವಾ ಅಲ್ಪ, ಬಲ 3 ಅಥವಾ 4, ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರುತ್ತಿದೆ. ಹೆಚ್ಚಿನವರದು ಇದೇ, ಇದಕ್ಕೆ ವ್ಯಾಯಾಮವೇ ಮದ್ದು.

*ಹೊಲಿಗೆ ಬಿಟ್ಟ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ).* ಪಕ್ಕದಿಂದ ಹೋದ ಆಪರೇಷನ್, ಗುಬುಟು ಮೂಳೆಯ ಮೇಲೆಯೇ ಅದುಮಿದರೆ ನೋವು, ಆ ಮಗ್ಗುಲಿಗೆ ಮಲಗಲಾಗದು. ಚೆನ್ನಾಗಿ ನಡೆಯುತ್ತಿದ್ದವರು ಒಂದು ದಿನ ಎಡವಿ ಅಥವಾ ಭಾರ ಎತ್ತಿ, ಅಲ್ಲಿಂದ ಮುಂದೆ ಕುಂಟತೊಡಗಿದರೆ ಅನುಮಾನ ಗಟ್ಟಿ. ವ್ಯಾಯಾಮ ಹೆಚ್ಚಿಸಿದಷ್ಟೂ ನೋವು ಹೆಚ್ಚುತ್ತದೆ.

*ನರಕ್ಕೆ ಪೆಟ್ಟು.* ಈ ಸ್ನಾಯುಗಳಿಗೆ ಬರುವ ಸುಪೀರಿಯರ್ ಗ್ಲೂಟಿಯಲ್ ನರ ಗುಬುಟಿನ ತುದಿಗಿಂತ ಸುಮಾರು 3ರಿಂದ 5 ಸೆಂ.ಮೀ. ಮೇಲೆ ಹಾದುಹೋಗುತ್ತದೆ. ಸ್ನಾಯುವನ್ನು ಅಷ್ಟು ಮೇಲಿನವರೆಗೆ ಸೀಳಿದರೆ ನರ ಹಿಗ್ಗುತ್ತದೆ. ಆಪರೇಷನ್ ಆದ ದಿನದಿಂದಲೇ ಬಲವಿಲ್ಲ, ನೋವೂ ಇಲ್ಲ, ಬಲ 0-2. ಬಹಳಷ್ಟು ಸಲ ತಿಂಗಳುಗಳಲ್ಲಿ ತಾನಾಗಿ ಚೇತರಿಸುತ್ತದೆ.

*ಬೆನ್ನು.* ಇದನ್ನು ಮರೆಯುವವರೇ ಹೆಚ್ಚು. ಬೆನ್ನಿನ ಎಲ್5 ನರ ಒತ್ತಿಕೊಂಡರೂ ಇದೇ ಸ್ನಾಯು ಸೋಲುತ್ತದೆ, ಆದರೆ ಒಂದು ಸುಳಿವು ಬಿಟ್ಟುಹೋಗುತ್ತದೆ: ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲವೂ ಕುಂದಿರುತ್ತದೆ. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ. ಸೊಂಟದ ಸ್ನಾಯುವೂ ಹೆಬ್ಬೆರಳೂ ಎರಡೂ ಸೋತಿದ್ದರೆ ಬೆನ್ನಿನ ಕಡೆ ನೋಡಬೇಕು. ಪಾದ ಮಾತ್ರ ಸೋತು ಸೊಂಟ ಗಟ್ಟಿಯಿದ್ದರೆ ಅದು ಸೊಂಟದ ಹಿಂದಿನಿಂದ ಕಾಲಿಗಿಳಿಯುವ ಸಯಾಟಿಕ್ ನರದ ಮಾತು. ನಮ್ಮ ಜಿಲ್ಲೆಗೆ ಇದರಲ್ಲಿ ಇನ್ನೊಂದು ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಆ ನೀರು ಕುಡಿದವರ ಬೆನ್ನುಮೂಳೆಯ ಕಟ್ಟುಗಳು ಸುಣ್ಣಗಟ್ಟಿ, ಬೆನ್ನು ಬಿದಿರಿನಂತೆ ಬಿಗಿದು, ನರದ ದಾರಿ ಕಿರಿದಾಗಬಹುದು. ಕತ್ತು, ಬೆನ್ನು ಬಾಗದವರು ಇದನ್ನು ಡಾಕ್ಟರಿಗೆ ತಾವಾಗಿಯೇ ಹೇಳಿ.

*ಅಳತೆಯ ದೋಷ.* ತೊಡೆಮೂಳೆ ಕೀಲಿನ ನಡುವಿನಿಂದ ಹೊರಕ್ಕೆ ಎಷ್ಟು ದೂರ ಚಾಚಿದೆ ಎಂಬುದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಅದು ಮೊದಲಿಗಿಂತ ಕಡಿಮೆಯಾದರೆ ಆ 5 ಸೆಂ.ಮೀ. ಸನ್ನೆ ಇನ್ನೂ ಗಿಡ್ಡವಾಗುತ್ತದೆ, ಸ್ನಾಯುವೂ ಸಡಿಲಾಗುತ್ತದೆ. ಎಷ್ಟು ವ್ಯಾಯಾಮ ಮಾಡಿದರೂ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕಾಲುದ್ದವನ್ನೂ ಅಳೆಯಬಹುದು: ಬರಿಗಾಲಲ್ಲಿ ನಿಲ್ಲಿಸಿ, ಗಿಡ್ಡ ಕಾಣುವ ಪಾದದಡಿ 5 ಮಿ.ಮೀ. ಪ್ಲೈವುಡ್ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತ ಬಿಂದಿಗಳು ಮಟ್ಟವಾಗುವ ತನಕ ಹೋಗಿ. 1 ಸೆಂ.ಮೀ. ಒಳಗಿನ ವ್ಯತ್ಯಾಸ ಸಾಮಾನ್ಯವಾಗಿ ತೊಂದರೆ ಕೊಡದು. ಮೊದಲ ಮೂರು ತಿಂಗಳು ಬಿಗಿದ ಸ್ನಾಯುಗಳಿಂದ ಸೊಂಟ ವಾರೆಯಾಗಿ ಕಾಲು ಉದ್ದವಾದಂತೆ *ಅನ್ನಿಸುತ್ತದೆ*. ಆಗಲೇ ಚಪ್ಪಲಿಗೆ ಎತ್ತರ ಹಾಕಿಸಿದರೆ ಆ ವಾರೆ ಅಲ್ಲೇ ಗಟ್ಟಿಯಾಗುತ್ತದೆ.

ಎರಡು-ಮೂರು ವರ್ಷ ಚೆನ್ನಾಗಿ ನಡೆದವರಿಗೆ ಹೊಸದಾಗಿ ಕುಂಟು ಬಂದರೆ ಲೆಕ್ಕವೇ ಬೇರೆ. ಕೂತು ಏಳುವಾಗಿನ ಮೊದಲ ಹೆಜ್ಜೆಗಳಲ್ಲಿ ತೊಡೆಸಂದು ಅಥವಾ ತೊಡೆ ನೋವು ಬಂದರೆ ಕೀಲು ಸಡಿಲವಾಗಿರಬಹುದು, ಸೋಂಕು ಇರಬಹುದು, ಲೋಹದ ಪುಡಿ ಸ್ನಾಯುವನ್ನು ತಿನ್ನುತ್ತಿರಬಹುದು. ಇವರಿಗೆ ಮನೆ ವ್ಯಾಯಾಮ ಹೇಳಬಾರದು.

ಆಸ್ಪತ್ರೆಯಲ್ಲಿ ಏನು ಕೇಳಬೇಕು

ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಬಿಂದಿ ಕುಸಿಯುತ್ತಿದ್ದರೆ, ಅಥವಾ ಮೇಲಿನ ಎರಡನೆಯದರಿಂದ ಕೊನೆಯದರ ತನಕ ಯಾವುದಾದರೂ ಹೊಂದಿದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಒಂದು ಕೀಲಿನದಲ್ಲ, ಎರಡೂ ಸೊಂಟ ಒಟ್ಟಿಗೆ ಬರುವ ಪೆಲ್ವಿಸ್ ಎಕ್ಸ್‌ರೇ ಬೇಕು. ಆಗ ಮಾತ್ರ ಆಫ್‌ಸೆಟ್ಟನ್ನೂ ಉದ್ದವನ್ನೂ ಒಳ್ಳೆಯ ಬದಿಗೆ ಹೋಲಿಸಲಾಗುತ್ತದೆ. ಹಳೆಯ ಎಕ್ಸ್‌ರೇಗಳನ್ನೂ ತೆಗೆದುಕೊಂಡು ಹೋಗಿ, ಸಡಿಲಾಗಿದೆಯೇ ಎಂಬುದು ಹೋಲಿಕೆಯಿಂದಲೇ ತಿಳಿಯುವುದು. ಸೋಂಕಿನ ಅನುಮಾನಕ್ಕೆ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ. ರಜ್ಜು ಕಿತ್ತಿದೆಯೇ ನೋಡಲು ಅನುಭವಿ ಕೈಯ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಲೋಹ ಇರುವುದರಿಂದ ಸಾಧಾರಣ ಎಂ.ಆರ್.ಐ.ನಲ್ಲಿ ಬೇಕಾದ ಜಾಗವೇ ಕಪ್ಪಾಗಿ ಮಸುಕಾಗುತ್ತದೆ. ಮಾರ್ಸ್ ಎಂಬ, ಲೋಹದ ನೆರಳು ತಗ್ಗಿಸುವ ವಿಧಾನ ಇದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ನರಕ್ಕೆ ಇ.ಎಂ.ಜಿ. ಪರೀಕ್ಷೆ, ಅದೂ ಪೆಟ್ಟಾದ ಮೂರು-ನಾಲ್ಕು ವಾರದ ನಂತರ. ಮೊದಲೇ ಮಾಡಿಸಿದರೆ ನರ ಸತ್ತಿದ್ದರೂ ಕೆಲವೊಮ್ಮೆ ಸರಿಯಿದ್ದಂತೆ ತೋರಿಸುತ್ತದೆ. ವಿಟಮಿನ್ ಡಿ ಕೂಡ ನೋಡಿಸಿ, ಅದು ತೀರಾ ಕಡಿಮೆಯಿದ್ದರೆ ತೊಡೆ-ಸೊಂಟದ ಸ್ನಾಯುಗಳೇ ಮೊದಲು ಸೋಲುತ್ತವೆ.

ಕೋಲು: ಎದುರು ಕೈಯಲ್ಲಿ

ಆಪರೇಷನ್ ಬಲಗಾಲಿಗಾದರೆ ಕೋಲು ಎಡಗೈಯಲ್ಲಿ. ಹತ್ತಕ್ಕೆ ಆರು ಜನ ನೋಯುವ ಕಾಲಿನ ಕಡೆಯೇ ಹಿಡಿದಿರುತ್ತಾರೋ ಏನೋ, ಅಷ್ಟು ಸಹಜವಾದ ತಪ್ಪು ಇದು. ಎಡಗೈ ಬಲ ಕೀಲಿನಿಂದ ಸುಮಾರು 35 ಸೆಂ.ಮೀ. ದೂರ ಇರುತ್ತದೆ. ಅಲ್ಲಿ ಬರೀ 5 ಕೆ.ಜಿ. ಒತ್ತಿದರೆ 5 ಸೆಂ.ಮೀ. ಸನ್ನೆಯ ಸ್ನಾಯುವಿಗೆ 35 ಕೆ.ಜಿ. ಕೆಲಸ ಇಳಿಯುತ್ತದೆ. 5 ಕೆ.ಜಿ. ಒತ್ತುವುದು ಎಂದರೆ ಎಷ್ಟು ಎಂದು ಕೋಲಿನ ತುದಿಯನ್ನು ತೂಕದ ಯಂತ್ರದ ಮೇಲಿಟ್ಟು ಒಮ್ಮೆ ಒತ್ತಿ ನೋಡಿ. ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಲಿ, ಮೊಳಕೈ ಸ್ವಲ್ಪ ಮಡಚಿರಲಿ.

ಸಾಮಾನು ಹಿಡಿಯಬೇಕಾದರೆ ಆಪರೇಷನ್ ಆದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ಆ ಭಾರ ಸ್ನಾಯುವಿಗೆ ಸಹಾಯವಾಗಿ ಹೊರಕ್ಕೆ ಜಗ್ಗುತ್ತದೆ. ಅದೇ ಹಾಲಿನ ಕ್ಯಾನು ಎದುರು ಕೈಗೆ ಹೋದರೆ ಸೊಂಟವನ್ನು ಒಳಕ್ಕೆ ಕುಸಿಸುತ್ತದೆ. ಸೊಂಟದ ಮೇಲೆ ಬಿಂದಿಗೆ ಹೊರುವುದು ಈ ವರ್ಷಕ್ಕೆ ಬೇಡ.

ಐದನೇ ಹೆಜ್ಜೆ: ವ್ಯಾಯಾಮ

ಮೊದಲ ಎರಡು ವಾರ ಮಾಡುವುದು ಕಡಿಮೆ: ಪಾದ ಮೇಲೆ ಕೆಳಗೆ ಗಂಟೆಗೆ 20 ಸಲ, ಕುಂಡೆ ಬಿಗಿಹಿಡಿದು 5 ಸೆಕೆಂಡ್, 10 ಸಲ, ದಿನಕ್ಕೆ ಮೂರು ಹೊತ್ತು. ಹಾರ್ಡಿಂಜ್ ಅಲ್ಲದವರು ಅಂಗಾತ ಮಲಗಿ, ಹಿಮ್ಮಡಿಯಡಿ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಕಾಲನ್ನು ಪಕ್ಕಕ್ಕೆ ಜಾರಿಸಿ ವಾಪಸು ತರುವುದು 10 ಸಲ. ವಾಪಸು ತರುವಾಗ ನಡುಗೆರೆ ದಾಟಬಾರದು.

ಎರಡರಿಂದ ಆರು ವಾರ: ಅಡುಗೆ ಕಟ್ಟೆ ಹಿಡಿದು ಎರಡೂ ಕಾಲಿಗೆ ಭಾರ ಹಂಚುವುದು. ಸರ್ಜನ್ ಒಪ್ಪಿದಷ್ಟೇ ಭಾರ. ಒಂದು ಪಾದ ತೂಕದ ಯಂತ್ರದ ಮೇಲೆ, ಇನ್ನೊಂದು ಅಷ್ಟೇ ಎತ್ತರದ ಪುಸ್ತಕಗಳ ಮೇಲೆ ಇಟ್ಟು ನೋಡಿದರೆ ಎಷ್ಟು ಹಾಕುತ್ತಿದ್ದೀರಿ ಎಂಬುದು ಕಣ್ಣಿಗೆ ಕಾಣುತ್ತದೆ. 60 ಕೆ.ಜಿ.ಯವರು ಸಮ ನಿಂತಿದ್ದೇವೆ ಅಂದುಕೊಂಡು 22-23 ಮಾತ್ರ ಹಾಕುತ್ತಿರುತ್ತಾರೆ. ಹಿಂದಿನಿಂದ, ಮುಂದಿನಿಂದ ಆಪರೇಷನ್ ಆದವರು ನಿಂತು ಕಾಲನ್ನು ಪಕ್ಕಕ್ಕೆ ಒಂದು ಗೇಣು ಸರಿಸುವುದನ್ನು 10ರಂತೆ ಎರಡು ಸುತ್ತು ಸೇರಿಸಬಹುದು.

ಆರರಿಂದ ಹನ್ನೆರಡು ವಾರ, ನಿಜವಾದ ಕೆಲಸ ಇಲ್ಲಿಂದ. ಹಾರ್ಡಿಂಜ್ ಆದವರು ಶುರು ಮಾಡುವುದು ತಳ್ಳುವುದರಿಂದ: ಅಂಗಾತ ಮಲಗಿ ಎರಡೂ ತೊಡೆಗೆ ಹಳೆಯ ಪಂಚೆ ಸುತ್ತಿ ಗಂಟು ಹಾಕಿ, ಕಾಲುಗಳನ್ನು ಹೊರಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು. ಅರ್ಧ ಬಲದಿಂದ ಆರಂಭಿಸಿ, ಎರಡು ವಾರದಲ್ಲಿ ಮುಕ್ಕಾಲಿಗೆ. ಅದು ನೋವಿಲ್ಲದೆ ಆದಮೇಲೆ ಎಲ್ಲರಂತೆ ಗೋಡೆ-ಹಿಮ್ಮಡಿ ಎತ್ತುವಿಕೆ: ಮೇಲೆ 2 ಸೆಕೆಂಡ್, ಹಿಡಿದು 2, ಕೆಳಗೆ 3, ಹೀಗೆ 8 ಸಲ, ಮೂರು ಸುತ್ತು, ವಾರಕ್ಕೆ ಮೂರು ದಿನ. ಎಂಟನೆಯದು ಕಷ್ಟವಾಗಬೇಕು. ಹನ್ನೆರಡು ಸುಲಭವಾದರೆ ಬಟ್ಟೆ ಚೀಲದಲ್ಲಿ ಅರ್ಧ ಕೆ.ಜಿ. ರಾಗಿ ತುಂಬಿ ಮಂಡಿಯ ಮೇಲ್ಗಡೆ ಕಟ್ಟಿ. ಜೊತೆಗೆ ಮಂಡಿ ಮಡಚಿ ಸೊಂಟ ಎತ್ತುವ ಸೇತುವೆ 10 ಸಲ, ಕೈಯೂರದೆ 18 ಅಂಗುಲದ ಕುರ್ಚಿಯಿಂದ ಎದ್ದು ಕೂರುವುದು 10 ಸಲ, ಕಾಂಪೌಂಡ್ ಗೋಡೆಗೆ ಮುಖ ಮಾಡಿ ಪಕ್ಕಹೆಜ್ಜೆ ಆ ತುದಿಯಿಂದ ಈ ತುದಿಗೆ.

ಮೂರು ತಿಂಗಳ ನಂತರ ನಿಂತು ಮಾಡುವುದೇ ಮುಖ್ಯ, ಏಕೆಂದರೆ ಸ್ನಾಯುವಿನ ಕೆಲಸ ಇರುವುದೇ ನಿಂತಾಗ. ಮನೆ ಕಟ್ಟಲು ತರುವ 4 ಇಂಚಿನ ಸಾಲಿಡ್ ಬ್ಲಾಕ್ ಒಂದನ್ನು ಕಿಟಕಿ ಸರಳಿನ ಪಕ್ಕ, ಅಲುಗದಂತೆ ಮಟ್ಟವಾದ ನೆಲದ ಮೇಲೆ ಮಲಗಿಸಿ. ಆಪರೇಷನ್ ಆದ ಕಾಲನ್ನು ಅದರ ಅಂಚಿನ ಹತ್ತಿರ ಊರಿ, ಇನ್ನೊಂದು ಪಾದ ಗಾಳಿಯಲ್ಲಿ ತೂಗಲಿ, ಕೈ ಸರಳಿನ ಮೇಲಿರಲಿ. ಊರಿದ ಮಂಡಿ ನೆಟ್ಟಗೆ. ಈಗ ಮಂಡಿ ಮಡಚದೆ, ಸೊಂಟದ ಆಚೆ ಬದಿಯನ್ನು ಮಾತ್ರ ಎರಡು ಇಂಚು ಕೆಳಗೆ ಬಿಡಿ, 3 ಎಣಿಸುತ್ತ. ಆಮೇಲೆ ಊರಿದ ಬದಿಯ, ಗುಬುಟು ಮೂಳೆಯ ಮೇಲ್ಗಡೆಯ ಆ ಸ್ನಾಯುವನ್ನೇ ಬಿಗಿದು ಸೊಂಟವನ್ನು ಮಟ್ಟಕ್ಕೆ ತನ್ನಿ. ತೂಗುವ ಪಾದ ಬಾವಿಯ ಕೊಡದ ಹಾಗೆ ನೇರ ಇಳಿದು ನೇರ ಏರಬೇಕು. 8 ಸಲ, ಮೂರು ಸುತ್ತು. ಮಂಡಿ ಮಡಚಿದರೆ ತೊಡೆ ಕೆಲಸ ಮಾಡುತ್ತಿದೆ, ಎದೆ ವಾಲಿದರೆ ಯಾವುದೂ ಮಾಡುತ್ತಿಲ್ಲ. ಇದನ್ನೊಂದನ್ನು ಸರಿಯಾಗಿ ಮಾಡಿದವರು ಬೇರೆ ಹತ್ತು ಬಿಟ್ಟರೂ ನಡೆದೀತು.

ಅದೇ ಬ್ಲಾಕ್ ಹತ್ತಿ ಇಳಿಯುವುದು 10 ಸಲ. ಸಲೀಸಾದರೆ 6 ಇಂಚಿನದು. ಪಕ್ಕಹೆಜ್ಜೆಗೆ ಪಂಕ್ಚರ್ ಅಂಗಡಿಯ ಹಳೆಯ ಸೈಕಲ್ ಟ್ಯೂಬನ್ನು ಮಂಡಿಗಿಂತ ಮೇಲೆ ಕಟ್ಟಿಕೊಳ್ಳಿ, ರಬ್ಬರ್ ಬ್ಯಾಂಡಿಗೆ ಐದುನೂರು ಕೊಡಬೇಕಿಲ್ಲ.

ನೋವಿಗೆ ಒಂದು ಅಳತೆ: ಹತ್ತರಲ್ಲಿ ಮೂರರ ತನಕ, ಮರುದಿನ ಬೆಳಗ್ಗೆ ಇಳಿದಿದ್ದರೆ ಮುಂದುವರಿಸಿ. ಸ್ನಾಯು ಒಂದೆರಡು ದಿನ ಹಿಡಿದುಕೊಂಡಂತಾಗುವುದು ಸರಿ. ಗುಬುಟು ಮೂಳೆಯ ಮೇಲೆ ಚುಚ್ಚುವ ನೋವು ವಾರದಿಂದ ವಾರಕ್ಕೆ ಏರಿದರೆ ನಿಲ್ಲಿಸಿ ತೋರಿಸಿ. ಬಲ ಕಣ್ಣಿಗೆ ಕಾಣುವಷ್ಟು ಬರಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೆ ‘ಏನೂ ಆಗಿಲ್ಲ’ ಎಂದು ಬಿಡುವವರೇ ಹೆಚ್ಚು.

ನೆಲ, ಹೊಸ್ತಿಲು, ಹೊಲ

ಹಿಂದಿನಿಂದ ಆಪರೇಷನ್ ಆದವರು ಮೊದಲ ಆರರಿಂದ ಹನ್ನೆರಡು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಕುಕ್ಕರಗಾಲು, ನೆಲದ ಊಟ, ಟೊಮೆಟೊ ಬಿಡಿಸುವುದು, ರೇಷ್ಮೆಮನೆಯಲ್ಲಿ ಬಗ್ಗಿ ಸೊಪ್ಪು ಹಾಕುವುದು ಇವೆಲ್ಲ ಇದರೊಳಗೇ ಬರುತ್ತವೆ. ಆಮೇಲೂ ಕುಕ್ಕರಗಾಲು ಕೂರಬಹುದೇ ಎಂಬುದನ್ನು ಹಾಕಿದ ಬಾಲಿನ ಅಳತೆ, ಕೂರಿಸಿದ ಕೋನ ನೋಡಿ ಸರ್ಜನ್ನರೇ ಹೇಳಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಹೊಸ್ತಿಲಿಗೂ ಇದೇ ಕ್ರಮ. ಕೊಟ್ಟಿಗೆಯ ಸಗಣಿ ನೆಲಕ್ಕೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಬೇಕು. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲಿನ ಆಸೆ ಇರುವವರು ಆಪರೇಷನ್ ಕಾಲಲ್ಲಿ ನಿಂತು ಬ್ಲಾಕಿನ ವ್ಯಾಯಾಮ 12 ಸಲ ವಾಲದೆ ಮಾಡುವ ತನಕ ಕಾಯಿರಿ.

ಊಟದಲ್ಲಿ ಸ್ನಾಯುವಿಗೆ ಬೇಕಾದದ್ದು ಪ್ರೋಟೀನ್, ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿ. ರಾಗಿಮುದ್ದೆಯಲ್ಲಿ ಸುಣ್ಣದಂಶ ಧಾರಾಳ, ಪ್ರೋಟೀನ್ ಕಮ್ಮಿ. ಅದರ ಜೊತೆಯ ಹುರುಳಿ ಸಾರಿನಲ್ಲಿ ಕಟ್ಟಿನ ಜೊತೆ ಕಾಳೂ ತಟ್ಟೆಗೆ ಬರಬೇಕು. ಮೊಟ್ಟೆಯೊಂದಕ್ಕೆ 6 ಗ್ರಾಂ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದು. ಬೋರ್‌ವೆಲ್ ನೀರು ನೇರ ಕುಡಿಯುವವರು ಶುದ್ಧ ನೀರಿನ ಘಟಕದ ಕ್ಯಾನಿಗೆ ಬದಲಾಗಿ.

ವ್ಯಾಯಾಮಕ್ಕೆ ಬಗ್ಗದಿದ್ದರೆ

ರಜ್ಜು ಕಿತ್ತಿರುವುದು ಬೇಗ ಗೊತ್ತಾದರೆ ಮತ್ತೆ ಮೂಳೆಗೆ ಹೊಲಿಯಬಹುದು. ತಡವಾದರೆ ಸ್ನಾಯು ಕೊಬ್ಬಾಗಿ ಬದಲಾಗುತ್ತದೆ, ಹೊಲಿಗೆ ಹಿಡಿಯುವುದಿಲ್ಲ. ಆಗ ಕುಂಡೆಯ ದೊಡ್ಡ ಸ್ನಾಯುವಿನ ಒಂದು ಪಾಲನ್ನು ತಿರುಗಿಸಿ ಗುಬುಟಿಗೆ ಕೂಡಿಸುವ ಆಪರೇಷನ್ ಇದೆ. ಆಫ್‌ಸೆಟ್ ದೋಷಕ್ಕೆ ಬಾಲ್ ಅಥವಾ ಕಾಂಡ (ತೊಡೆಮೂಳೆಯೊಳಗೆ ಕೂರಿಸಿದ ಲೋಹದ ಭಾಗ) ಬದಲಾಯಿಸಬೇಕಾಗಬಹುದು. ಪದೇ ಪದೇ ಜಾರುತ್ತಿದ್ದರೆ ಡ್ಯುಯಲ್ ಮೊಬಿಲಿಟಿ ಎಂಬ ಜೋಡಿ ಬಾಲ್ ಹಾಕುತ್ತಾರೆ. ನರದ ಪೆಟ್ಟಿಗೆ ಸುಮಾರು ಒಂದು ವರ್ಷ ಕಾಯುವುದು ರೂಢಿ, ಅಲ್ಲಿಯವರೆಗೆ ಕೀಲು ಬಿಗಿಯದಂತೆ ನೋಡಿಕೊಂಡು, ಕೋಲು ಬಿಡದೆ.

ಕೋಲು ಬಿಡುವುದು ತಾರೀಖು ನೋಡಿ ಅಲ್ಲ. ಬಿಂದಿ 30 ಸೆಕೆಂಡ್ ಮಟ್ಟದಲ್ಲಿ ನಿಲ್ಲಬೇಕು, ಹತ್ತು ನಿಮಿಷ ನಡೆದ ಮೇಲಿನ ವಿಡಿಯೊದಲ್ಲೂ ಭುಜ ಓಲಾಡಬಾರದು. ಮೊದಲು ಮನೆಯೊಳಗೆ ಬಿಡಿ, ಆಮೇಲೆ ಬೀದಿಯಲ್ಲಿ. ಸಂತೆಯ ದಿನ ಬಸ್ಸು ಹತ್ತುವಾಗ ಮಾತ್ರ ಇನ್ನೊಂದು ತಿಂಗಳು ಕೈಯಲ್ಲೇ ಇರಲಿ, ಕೋಲು ಕಂಡರೆ ಸೀಟೂ ಬಿಟ್ಟುಕೊಡುತ್ತಾರೆ.